34 ಹಲ್ಲೋ 36 ಹಲ್ಲೋ: ಹಳೇ ಥಿಕ್ನೆಸ್ ಮಷೀನಿಗೆ ಸಾಮಾನು ಹುಡುಕಿದ್ದು

ಆಷಾಢದ ಮಳೆ ಹಿಡಿದು ಎಂಟು ದಿನವಾಗಿತ್ತು. ಬೆಳಗಾವಿಯ ಮಳೆ ಕಂಡವರಿಗೆ ಬೇರೆ ಹೇಳಬೇಕಿಲ್ಲ. ಹಗ್ಗದ ಮೇಲಿನ ಅರಿವೆಯೇ ಒಣಗುವುದಿಲ್ಲ, ಇನ್ನು ಕಟ್ಟಿಗೆ ಎಲ್ಲಿಂದ ಒಣಗಬೇಕು. ಅಂಥದರಲ್ಲಿ ಒಂದು ಹಸಿ ಬೇವಿನ ಫಳಿಯನ್ನು ಥಿಕ್ನೆಸ್ ಮಷೀನಿಗೆ, ಅಂದರೆ ಕಟ್ಟಿಗೆಯನ್ನು ಒಂದೇ ದಪ್ಪಕ್ಕೆ ಕೆತ್ತುವ ಮಷೀನಿಗೆ ಕೊಟ್ಟೆ. ಗಿರಾಕಿ ಬಾಗಿಲಲ್ಲೇ ನಿಂತಿದ್ದ. ಒಂದು ಸೂತಿನಂತೆ (ಇಂಚಿನ ಎಂಟನೇ ಒಂದು ಪಾಲು) ಎರಡು ಸಲ ತೆಗೆಯುವುದನ್ನು ಒಂದೇ ಸಲಕ್ಕೆ ಎರಡು ಸೂತ ತೆಗೆಯಲು ಹೋದೆ. ಫಳಿ ಅರ್ಧ ಹೋಗಿ ನಿಂತಿತು. ರೋಲರ್ ಗರಗರ ಅಂದಿತು, ಆಮೇಲೆ ಒಳಗಿನಿಂದ ‘ಟಣ್’ ಅಂತ ಒಂದು ಸದ್ದು. ಸ್ವಿಚ್ ಒತ್ತಿ ಕವರ್ ತೆಗೆದರೆ ಗೇರಿನ ಎರಡು ಹಲ್ಲು ಟ್ರೇಯಲ್ಲಿ ಬಿದ್ದಿದ್ದವು. ಅವುಗಳ ಜೊತೆ ಇನ್ನೆರಡು ತುಂಡು, ಹಿತ್ತಾಳೆ ಬಣ್ಣದವು. ಯಾವುದೋ ಕಾಲದಲ್ಲಿ ಯಾರೋ ಹಿತ್ತಾಳೆ ಹಾಕಿ ಕಟ್ಟಿದ್ದ ಹಲ್ಲುಗಳು. ಅಲ್ಲಿಗೆ ನಾಲ್ಕು ಹಲ್ಲು ಹೋದಂತಾಯಿತು.

ಮಷೀನು ಅಪ್ಪ ತಂದದ್ದು. ಖಾನಾಪುರದ ಕಡೆ ಬಂದಾದ ಒಂದು ವರ್ಕ್‌ಶಾಪಿನಿಂದ, ಲಾರಿಯಲ್ಲಿ ಹಾಕಿಸಿಕೊಂಡು. 18 ಇಂಚು ಅಗಲ, ಪೂರ್ತಿ ಬೀಡುಕಬ್ಬಿಣ, ಆರು ಜನ ಸೇರಿದರೂ ಅಲುಗಾಡುವುದಿಲ್ಲ. ಹೆಸರಿನ ಪಟ್ಟಿ ಇದ್ದ ಜಾಗದಲ್ಲಿ ಎರಡು ರಿವೆಟ್ ತೂತು ಮಾತ್ರ ಉಳಿದಿವೆ. ಇಂಗ್ಲೆಂಡಿನ ಲೆಸ್ಟರ್ ಊರಿನ ವಾಡ್ಕಿನ್ ಕಂಪನಿಯ ಹಳೇ ಮಷೀನುಗಳ ಫೋಟೋ ಮುಂದಿಟ್ಟು ನೋಡಿದ್ದೇನೆ; ಮುಖ ಹೋಲುತ್ತದೆ, ಕಾಲು ಹೋಲುವುದಿಲ್ಲ. ಅದನ್ನು ನೋಡಿ ನಮ್ಮಲ್ಲೇ ಯಾರಾದರೂ ಎರಕ ಹೊಯ್ದದ್ದೂ ಇರಬಹುದು. ಅಪ್ಪನಿಗೆ ಈ ಚರ್ಚೆಯಲ್ಲಿ ಆಸಕ್ತಿ ಇಲ್ಲ. ‘ಕಟಗಿ ಕೆತ್ತತೈತಿಲ್ಲೋ, ಮುಗೀತು’ ಅನ್ನುತ್ತಾರೆ.

ಆದರೆ ಸಾಮಾನು ಹುಡುಕಲು ಹೊರಟರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ಅದು. ಖಡೇಬಜಾರಿನಿಂದ ಉದ್ಯಮಬಾಗ್‌ವರೆಗೆ ಐದು ಅಂಗಡಿ ಹತ್ತಿ ಇಳಿದೆ.

‘ಯಾವ ಕಂಪನಿರಿ?’

‘ಗೊತ್ತಿಲ್ರಿ.’

‘ಮಾಡೆಲ್?’

‘ಗೊತ್ತಿಲ್ರಿ.’

‘ಹಂಗಾದ್ರ ಸಿಗೂದಿಲ್ಲ ಬಿಡ್ರಿ. ಗುಜರಿಗೆ ಹಾಕಿ ಹೊಸಾದು ತಗೋರಿ.’

ಐದನೆಯ ಅಂಗಡಿಯ ಮೆಟ್ಟಿಲಿಳಿಯುವಾಗ ನನಗೆ ಹೊಳೆಯಿತು: ನಾನೇ ತಪ್ಪು ಕೇಳುತ್ತಿದ್ದೇನೆ. ‘ಹಳೇ ರಂದಾ ಮಷೀನಿನ ಬೇರಿಂಗ್’ ಅಂದರೆ ಯಾರಲ್ಲೂ ಇಲ್ಲ. ‘30 ಒಳಗೆ, 72 ಹೊರಗೆ, 19 ದಪ್ಪ’ ಅಂದರೆ ನಾಲ್ಕು ಅಂಗಡಿಯಲ್ಲಿ ಇದೆ. ಮಷೀನಿನ ಹೆಸರು ಹೋಗಿದ್ದರೇನು, ಒಳಗಿನ ಮುಕ್ಕಾಲು ಸಾಮಾನಿಗೆ ತನ್ನತನ್ನದೇ ಹೆಸರು ಇರುತ್ತದೆ. ಬಿಚ್ಚಬೇಕು, ಅಳೆಯಬೇಕು. ಹೇಗೂ ನಿಂತೇ ಹೋಗಿದೆ, ಪೂರ್ತಿ ಬಿಚ್ಚೋಣ ಎಂದು ಮಾರನೆಯ ದಿನವೇ ಪಾನಾ ಹಿಡಿದು ಕೂತೆ.

ಬಿಚ್ಚಲು ನಾಲ್ಕು ದಿನ. ಒಂದೊಂದು ಭಾಗದ ನಟ್ಟು ಬೋಲ್ಟು ಒಂದೊಂದು ಡಬ್ಬಿಗೆ, ಡಬ್ಬಿಯೊಳಗೆ ಚೀಟಿ, ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ. ಜಂಗು ಹಿಡಿದವಕ್ಕೆ ರಾತ್ರಿಯೇ ಡೀಸೆಲ್ ಬಿಟ್ಟು ಮಲಗುವುದು. ಬ್ಲೇಡ್ ಕೂರುವ ಉರುಟು ಬ್ಲಾಕನ್ನು ಹೊರಗೆ ಎಳೆದಾಗ ಎರಡೂ ತುದಿಯ ಬೇರಿಂಗು ಕೈಯಲ್ಲಿ ತಿರುಗಿಸಿದೆ. ಎರಡರಲ್ಲೂ ಮರಳು ಅರೆದಂಥ ಸದ್ದು. ಗೇರು ಮುರಿಯದಿದ್ದರೂ ಈ ವರ್ಷ ಇವು ಕೈ ಕೊಡುತ್ತಿದ್ದವು.

ಇಲ್ಲೊಂದು ಮಜಾ ಇತ್ತು. ಬಲಗಡೆಯ ಬೇರಿಂಗ್ ಮೇಲೆ 6306 ಎಂದು ಕೆತ್ತಿದೆ. ಇದು ಓದಲು ಸುಲಭ: ಕೊನೆಯ ಎರಡು ಅಂಕೆಯನ್ನು ಐದರಿಂದ ಗುಣಿಸಿದರೆ ಒಳತೂತಿನ ಮಿಲಿಮೀಟರು. 06 ಅಂದರೆ 30. (04ರಿಂದ ಮೇಲಿನವಕ್ಕೆ ಮಾತ್ರ ಈ ಲೆಕ್ಕ. 00, 01, 02, 03 ಇವು 10, 12, 15, 17.) ಎಡಗಡೆಯದರ ಮೇಲೆ ಅಕ್ಷರ ಸವೆದುಹೋಗಿತ್ತು. ವರ್ನಿಯರ್ ಹಾಕಿದರೆ ಒಳಗೆ 31.75, ಹೊರಗೆ 69.85, ದಪ್ಪ 17.46. ಇಂಥ ಮಿಲಿಮೀಟರ್ ಬೇರಿಂಗ್ ಜಗತ್ತಿನಲ್ಲಿಲ್ಲ. 25.4ರಿಂದ ಭಾಗಿಸಿದೆ: ಒಂದೂಕಾಲು ಇಂಚು, ಎರಡೂಮುಕ್ಕಾಲು ಇಂಚು, ಹದಿನಾರರಲ್ಲಿ ಹನ್ನೊಂದು ಇಂಚು. ಅಂದರೆ ಮಷೀನು ಹುಟ್ಟಿದ್ದು ಇಂಚಿನಲ್ಲಿ. ಮುಂದೆ ಯಾರೋ ಬಲಗಡೆಯ ಶಾಫ್ಟನ್ನು ಲೇಥ್‌ಗೆ ಹಾಕಿ 30ಕ್ಕೆ ಇಳಿಸಿ, ಬೇರಿಂಗ್ ಮನೆಯನ್ನು 72ಕ್ಕೆ ಅಗಲ ಮಾಡಿ, ಪೇಟೆಯಲ್ಲಿ ಸಿಕ್ಕಿದ್ದನ್ನು ಕೂರಿಸಿದ್ದಾರೆ. ಒಂದೇ ಶಾಫ್ಟು, ಎಡಕ್ಕೆ ಇಂಚು, ಬಲಕ್ಕೆ ಮಿಲಿಮೀಟರು. ನಮ್ಮ ದೇಶ ಮೆಟ್ರಿಕ್ಕಿಗೆ ಹೋಗಲು ಕಾಯ್ದೆ ಮಾಡಿದ್ದು 1956ರಲ್ಲಿ. ಈ ಮಷೀನು ಇನ್ನೂ ಅರ್ಧ ದಾರಿಯಲ್ಲಿದೆ.

ಎಡಗಡೆಯದನ್ನೂ ಹಾಗೇ ಇಳಿಸಿಬಿಡಿ, ಎರಡೂ ಕಡೆ 6306 ಹಾಕಿ ಅಂತ ಇಬ್ಬರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಶಾಫ್ಟಿನಿಂದ ತೆಗೆದದ್ದನ್ನು ಮರಳಿ ಹಚ್ಚಲು ಬರುವುದಿಲ್ಲ. ಅದೂ ಅಲ್ಲದೆ ಲೇಥಿನಲ್ಲಿ ಕೂದಲೆಳೆಯಷ್ಟು ಓರೆ ಕೂತರೂ ಬ್ಲಾಕು ನಡುಗುತ್ತದೆ, ಆ ನಡುಕ ಫಳಿಯ ಮೇಲೆ ಅಲೆಅಲೆಯಾಗಿ ಕಾಣುತ್ತದೆ. ಇಂಚಿನ ಬೇರಿಂಗು ಇವತ್ತಿಗೂ ತಯಾರಾಗುತ್ತದೆ. ಹಗುರ ಸರಣಿಯದಕ್ಕೆ ಆರ್‌ಎಲ್‌ಎಸ್ ಅನ್ನುತ್ತಾರೆ, ನನಗೆ ಬೇಕಾದದ್ದು ಆರ್‌ಎಲ್‌ಎಸ್ 10. ಈ 10 ಎಲ್ಲಿಂದ ಬಂತು ಎಂದು ಅಂಗಡಿಯವರಿಗೂ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪನ ಮುಂದೆ ಹೇಳಿದೆ. ತುತ್ತು ಬಾಯಿಗಿಡುತ್ತಲೇ ಅಂದರು: ‘ಒಂದೂಕಾಲ ಇಂಚಂದ್ರ ಹತ್ತ ಸೂತಲ್ಲೇನೋ?’

ಹೌದು. ಒಂದು ಇಂಚಿಗೆ ಎಂಟು ಸೂತ, ಒಂದೂಕಾಲಿಗೆ ಹತ್ತು. ಬಡಿಗೇರ ಲೆಕ್ಕವೇ ಬೇರಿಂಗಿನ ನಂಬರು. ಆರ್‌ಎಲ್‌ಎಸ್ 8 ಅಂದರೆ ಎಂಟು ಸೂತ, ಒಂದು ಇಂಚು. ಆರ್‌ಎಲ್‌ಎಸ್ 4 ಅಂದರೆ ಅರ್ಧ ಇಂಚು. ನಾನು ಎರಡು ದಿನ ಮೊಬೈಲ್ ಉಜ್ಜಿದ್ದು ದಂಡವಾಯಿತು.

ಬೆಳಗಾವಿಯಲ್ಲಿ ಅದು ಸ್ಟಾಕಿನಲ್ಲಿ ಇರಲಿಲ್ಲ. ಒಬ್ಬ ಡೀಲರು ಪುಣೆಯಿಂದ ತರಿಸಿ ಕೊಟ್ಟರು, ಹನ್ನೊಂದು ದಿನ ಹಿಡಿಯಿತು, 6306ರ ನಾಲ್ಕು ಪಟ್ಟು ಬೆಲೆ. ಕೊಟ್ಟೆ. ಅಗ್ಗದ 6306 ಕೊಳ್ಳುವಾಗಲೇ ಮೋಸ ಹೋದದ್ದು. ಡಬ್ಬಿ ದೊಡ್ಡ ಕಂಪನಿಯದು, ಬೆಲೆ ಅರ್ಧ. ಮನೆಗೆ ಬಂದು ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಬೇರಿಂಗಿನ ಮೇಲಿದ್ದ ಹೆಸರೇ ಬಟ್ಟೆಗೆ ಬಂತು. ಅಸಲಿಯಲ್ಲಿ ಅಕ್ಷರ ಉಕ್ಕಿನಲ್ಲಿ ಕೆತ್ತಿರುತ್ತದೆ, ಮಸಿಯಲ್ಲಿ ಬರೆದಿರುವುದಿಲ್ಲ. ಅಂಗಡಿಯವನು ವಾಪಸ್ಸು ತೆಗೆದುಕೊಂಡ, ಮುಖ ಮಾತ್ರ ನೋಡುವಂತಿರಲಿಲ್ಲ. ಎರಡನೆಯದನ್ನು ಬೇರೆ ಕಡೆ ಬಿಲ್ ಸಮೇತ ತಂದೆ, ಎರಡೂ ಬದಿ ರಬ್ಬರ್ ಸೀಲ್ ಇದ್ದದ್ದು. ಕಟ್ಟಿಗೆಯ ಹಿಟ್ಟು ಹಾರುವ ಜಾಗದಲ್ಲಿ ಬಾಯಿ ತೆರೆದ ಬೇರಿಂಗ್ ಬಾಳುವುದಿಲ್ಲ.

ಪಟ್ಟಾದ ವಿಷಯ ಬೇಗ ಮುಗಿಯಿತು. ಮೂರು ವಿ-ಬೆಲ್ಟು, ಎ-62. ಮೆಟ್ರಿಕ್ ದೇಶದಲ್ಲಿ ಬೆಲ್ಟಿನ ನಂಬರು ಇಂದಿಗೂ ಇಂಚಿನಲ್ಲೇ: ಒಳಗಿನ ಉದ್ದ 62 ಇಂಚು. ಮೂರರಲ್ಲಿ ಒಂದೇ ಹರಿದಿದ್ದರೂ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯವು ಜಗ್ಗಿರುತ್ತವೆ, ಭಾರವೆಲ್ಲ ಹೊಸದೊಂದರ ಮೇಲೇ ಬೀಳುತ್ತದೆ.

ಬ್ಲಾಕಿನ ಬೋಲ್ಟುಗಳ ಬಗ್ಗೆ ಮಾತ್ರ ತಡೆದು ಹೇಳಬೇಕು. ಮೋಟಾರು 1440 ಸುತ್ತು, ಅದರ ಪುಲ್ಲಿ 9½ ಇಂಚು, ಬ್ಲಾಕಿನ ಪುಲ್ಲಿ 3 ಇಂಚು. ಅಂದರೆ ಬ್ಲಾಕು ನಿಮಿಷಕ್ಕೆ 4560 ಸುತ್ತು. ಬ್ಲೇಡಿನ ತುದಿ ನಾಲ್ಕು ಇಂಚಿನ ವೃತ್ತದಲ್ಲಿ ತಿರುಗುವುದರಿಂದ ಅದರ ವೇಗ ಗಂಟೆಗೆ 87 ಕಿಲೋಮೀಟರು. ಆ ಬ್ಲೇಡನ್ನು ಹಿಡಿದಿರುವುದು ಪಟ್ಟಿ ಒತ್ತುವ ಒಂದು ಸಾಲು ಬೋಲ್ಟು, ಅಷ್ಟೇ. ಒಂದು ಬೋಲ್ಟು ಕೈ ಬಿಟ್ಟರೆ ಮಷೀನಿನ ಮುಂದೆ ನಿಂತವನ ಗತಿ ಏನು ಎಂದು ಬಿಡಿಸಿ ಬರೆಯುವುದು ಬೇಡ.

ಇವು ಮೂರು ಸೂತಿನ ಬೋಲ್ಟು, ಅಂದರೆ ⅜ ಇಂಚು, ವಿಟ್‌ವರ್ತ್ ಆಟೆ (ಬೋಲ್ಟಿನ ಮೈಮೇಲಿನ ಸುರುಳಿ). ಜೋಸೆಫ್ ವಿಟ್‌ವರ್ತ್ 1841ರಲ್ಲಿ ಕಟ್ಟಿಕೊಟ್ಟ ಅಳತೆ. ಆಟೆಯ ಕೋನ 55 ಡಿಗ್ರಿ, ಇಂಚಿಗೆ 16 ಆಟೆ. ಇಲ್ಲಿ ಎರಡು ಗುಂಡಿಗಳಿವೆ. ಒಂದು, ಅಮೆರಿಕನ್ ⅜ ಬೋಲ್ಟಿಗೂ ಇಂಚಿಗೆ 16 ಆಟೆಯೇ. ಕೈಯಲ್ಲಿ ಆರಾಮಾಗಿ ಒಳಗೆ ಹೋಗುತ್ತದೆ, ‘ಸರಿಯಾಯ್ತು’ ಅನ್ನಿಸುತ್ತದೆ. ಆದರೆ ಅದರ ಕೋನ 60 ಡಿಗ್ರಿ, ಆಟೆಯ ಪೂರ್ತಿ ಮೈ ತಾಗುವುದಿಲ್ಲ. ಗೇಟಿಗೆ, ಬೆಂಚಿಗೆ ನಡೆಯುತ್ತದೆ, ಬ್ಲೇಡಿಗೆ ಬೇಡ. ಎರಡು, ಎಂ10, ಅಂದರೆ 10 ಮಿಲಿಮೀಟರಿನ ಬೋಲ್ಟು, ⅜ಕ್ಕಿಂತ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಪಾನಾಕ್ಕೆ ಪೈಪ್ ಹಾಕಿ ತಿರುಗಿಸಿದರೆ ಹೋಗೇಬಿಡುತ್ತದೆ, ಆಟೆಯನ್ನು ತಿಂದುಕೊಂಡು. ನಮ್ಮ ಬ್ಲಾಕಿನಲ್ಲಿ ಒಂದು ತೂತಿಗೆ ಯಾರೋ ಆ ಪುಣ್ಯದ ಕೆಲಸ ಮಾಡಿದ್ದರು. ಇಷ್ಟು ವರ್ಷ ಅದರ ಮುಂದೆ ಅಪ್ಪ ನಿಂತಿದ್ದರು, ನಾನೂ ನಿಂತಿದ್ದೆ.

ಕೆಟ್ಟ ತೂತನ್ನು 7/16 ಇಂಚಿಗೆ ದೊಡ್ಡದು ಮಾಡಿ ಹೊಸ ಆಟೆ ಹಾಕಿಸಿದೆ. ಅದರ ಎದುರು ಬದಿಯ ಒಳ್ಳೆಯ ತೂತನ್ನೂ ಅಷ್ಟೇ ದೊಡ್ಡದು ಮಾಡಿಸಿದೆ, ಇಲ್ಲದಿದ್ದರೆ ಒಂದು ಕಡೆ ತೂಕ ಕಡಿಮೆಯಾಗಿ ಬ್ಲಾಕು ಕುಣಿಯುತ್ತದೆ. ಬೋಲ್ಟುಗಳನ್ನು ಪೇಟೆಯಲ್ಲಿ ಕೊಳ್ಳಲೇ ಇಲ್ಲ, ಹೈ ಟೆನ್ಸಿಲ್ ಸರಳಿನಿಂದ ಎಲ್ಲವನ್ನೂ ಒಂದೇ ಸಲ ತೆಗೆಸಿದೆ. ಹೊಸ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬ್ಲೇಡು ಎರಡನ್ನೂ ಓಣಿಯ ಸರಾಫರ ತಕ್ಕಡಿಗೆ ಒಯ್ದೆ. ಅವರು ಬ್ಲೇಡು ನೋಡಿದರು, ನನ್ನ ಮುಖ ನೋಡಿದರು. ‘ಒತ್ತಿ ಇಡಾಕ ಬಂದೀಯೇನ?’ ಅಂದರು. ಎರಡರ ನಡುವೆ ಮೂರು ಗ್ರಾಂ ಫರಕು. ಭಾರದ ಬ್ಲೇಡಿನ ಹಿಂಬದಿಯನ್ನು ಕಲ್ಲಿನ ಮೇಲೆ ತಿಕ್ಕಿ ಸಮ ಮಾಡಿದೆ.

ನಡುವೆ ಒಂದು ದಿನ ಕೊಲ್ಲಾಪುರಕ್ಕೂ ಹೋಗಿ ಬಂದೆ. ನಮ್ಮದರಂಥದೇ ಮಷೀನು ಗುಜರಿಗೆ ಬಂದಿದೆ ಅಂತ ಸುದ್ದಿ. ಹೋಗುವಷ್ಟರಲ್ಲಿ ಗ್ಯಾಸ್ ಕಟರ್ ಹಿಡಿದು ಅದರ ಕಾಲು ಕತ್ತರಿಸಿಯಾಗಿತ್ತು. ಗೇರು ಇರಲಿಲ್ಲ. ರೋಲರ್ ಇತ್ತು, ಆಸೆಯಿಂದ ಅಳೆದೆ, ಎರಡು ಸೂತ ಗಿಡ್ಡ. ಹಿತ್ತಾಳೆಯ ಎಣ್ಣೆ ಬಟ್ಟಲು ನಾಲ್ಕು, ಟೇಬಲ್ ಏರಿಸಿ ಇಳಿಸುವ ಕೈಚಕ್ರ ಒಂದು, ಇಷ್ಟನ್ನು ತೂಕಕ್ಕೆ ಹಾಕಿಸಿ ತಂದೆ. ಬಸ್ಸಿನಲ್ಲಿ ಚಕ್ರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರು ‘ನೀವೂ ಹೊಡೀತೀರೇನ್ರಿ?’ ಅಂದ.

ಇನ್ನು ಗೇರು. ನಾನು ಜಾಣನಾಗಲು ಹೋಗಿ ಬಿದ್ದದ್ದು ಇಲ್ಲೇ.

ಗೇರಿಗೆ ಎರಡು ಅಳತೆ ಪದ್ಧತಿ. ಮಿಲಿಮೀಟರಿನದು ಮಾಡ್ಯೂಲ್: ಹೊರ ವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸಬೇಕು. ಇಂಚಿನದು ಡಿಪಿ (ಡಯಾಮೆಟ್ರಲ್ ಪಿಚ್): ಅದೇ ಲೆಕ್ಕ ತಿರುವುಮುರುವು, ಹಲ್ಲಿಗೆ ಎರಡು ಕೂಡಿಸಿ ಇಂಚಿನ ವ್ಯಾಸದಿಂದ ಭಾಗಿಸಬೇಕು. ನಾನು ಗೇರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆ, ಮುರಿದ ಜಾಗ ಸೇರಿಸಿ 36. ವರ್ನಿಯರ್ 114 ತೋರಿಸಿತು. 36ಕ್ಕೆ ಎರಡು ಕೂಡಿಸಿದರೆ 38. 114 ಭಾಗಿಸು 38, ಸರಿಯಾಗಿ 3! ಶೇಷವೇ ಇಲ್ಲ. ಉತ್ತರ ಇಷ್ಟು ನುಣ್ಣಗೆ ಬಂದರೆ ಯಾರಿಗೆ ತಾನೆ ಸಂಶಯ ಬರುತ್ತದೆ? ಉದ್ಯಮಬಾಗ್‌ನ ಒಂದು ಗೇರ್ ಶಾಪಿಗೆ ಹೋಗಿ ‘ಮೂರು ಮಾಡ್ಯೂಲ್, ಮೂವತ್ತಾರು ಹಲ್ಲು’ ಎಂದು ಬರೆದುಕೊಟ್ಟೆ. ಅವರು ಬರೆದುಕೊಟ್ಟದ್ದನ್ನೇ ಇಎನ್8 ಉಕ್ಕಿನಲ್ಲಿ ಚೆಂದ ಮಾಡಿಕೊಟ್ಟರು. ಅವರದೇನೂ ತಪ್ಪಿಲ್ಲ.

ಶಾಫ್ಟಿಗೆ ಕೂತಿತು, ಗೇರನ್ನು ಶಾಫ್ಟಿಗೆ ಹಿಡಿಯುವ ಚಾವಿಯೂ ಕೂತಿತು. ಕೈಯಿಂದ ತಿರುಗಿಸಿದರೆ ಒಂದೊಂದು ಹಲ್ಲಿಗೂ ‘ಟಕ್’ ಅನ್ನುತ್ತದೆ. ಹೊಸದಲ್ಲವಾ, ಹೊಂದಿಕೊಳ್ಳುತ್ತದೆ ಎಂದು ಮೋಟಾರು ಹಾಕಿದೆ. ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಸದ್ದು. ಹತ್ತು ಸೆಕೆಂಡಿಗೆ ಬಂದ್ ಮಾಡಿದೆ. ಪುಣ್ಯಕ್ಕೆ ಪಿನಿಯನ್, ಅಂದರೆ ಇದರ ಜೊತೆ ಕಚ್ಚಿ ತಿರುಗುವ ಸಣ್ಣ ಗೇರು, ಹಾಳಾಗಲಿಲ್ಲ.

ಉದ್ಯಮಬಾಗ್‌ನ ಹಿಂದಿನ ಸಾಲಿನಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದಾರೆ. ಪತ್ರಾಸಿನ ಶೆಡ್ಡು, ಒಂದು ಲೇಥು, ಒಂದು ಮಿಲ್ಲಿಂಗ್ ಮಷೀನು, ಗೋಡೆಗೆ ಮೈಲಾರಲಿಂಗನ ಫೋಟೋ. ಕಾಕಾ ಅಂತಲೇ ಎಲ್ಲರೂ ಕರೆಯುವುದು. ಮುರಿದ ಗೇರು, ಹೊಸ ಗೇರು ಎರಡನ್ನೂ ಚೀಲದಿಂದ ತೆಗೆದು ಅವರ ಮುಂದಿಟ್ಟೆ. ಅವರು ಎರಡನ್ನೂ ಮುಟ್ಟಲಿಲ್ಲ.

‘ಪಿನಿಯನ್ ಎಲ್ಲೈತಿ?’

‘ಅದು ಚಲೋನ ಐತ್ರಿ ಕಾಕಾ, ಅದಕ್ಕ ತರಲಿಲ್ಲ.’

‘ಚಲೋ ಇದ್ದದ್ದನ್ನ ಅಳೀಬೇಕಪಾ. ಮುರದದ್ದನ್ನ ಅಳದ್ರ ಏನ್ ತಿಳೀತೈತಿ?’

ಮತ್ತೆ ಅನಗೋಳಕ್ಕೆ, ಮಷೀನಿದ್ದಲ್ಲಿಗೆ, ಗಾಡಿ ಹೊಡೆದು ಪಿನಿಯನ್ ಬಿಚ್ಚಿಕೊಂಡು ಹೋದೆ. ಕಾಕಾ ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಒತ್ತುತ್ತ ಎಣಿಸಿದರು, ಹದಿನಾರು. ಹಳೇ ಕ್ಯಾಲಿಪರ್ ಹಿಡಿದು ಅದನ್ನು ಇಂಚಿನ ಪಟ್ಟಿಯ ಮೇಲಿಟ್ಟರು, ಎರಡೂಕಾಲು.

‘ಹದಿನಾರಕ್ಕ ಎರಡ ಕೂಡ್ಸು.’

‘ಹದಿನೆಂಟು.’

‘ಎರಡೂಕಾಲ್ಲೆ ಭಾಗ್ಸು.’

‘ಎಂಟು.’

‘ಎಂಟ ಡಿಪಿ. ಈಗ ದೊಡ್ಡದ ನೋಡು. ನಾಕೂವರಿ ಇಂಚ ಐತಿ. ನಾಕೂವರಿ ಎಂಟ್ಲೆ?’

‘ಮೂವತ್ತಾರು.’

‘ಅದರಾಗ ಎರಡ ಕಳೀ. ಮೂವತ್ನಾಕ ಹಲ್ಲು. ನೀ ಮೂವತ್ತಾರ ಎಲ್ಲಿಂದ ತಂದಿ?’

ಎಲ್ಲಿಂದ ತಂದೆ ಎಂದು ಅಲ್ಲೇ ಕೂತು ಹುಡುಕಿದೆ. ಎರಡು ಹಲ್ಲು ಹೋದ ಕಡೆ ಮೂರು ಸಂದು ಉಳಿದಿರುತ್ತವೆ. ಗಟ್ಟಿ ಇದ್ದಲ್ಲಿ ಹಲ್ಲು ಎಣಿಸಿದ್ದ ನಾನು, ಮುರಿದಲ್ಲಿ ಸಂದು ಎಣಿಸಿದ್ದೆ. ಎರಡು ಕಡೆ ಮುರಿದಿತ್ತು, ಎರಡು ಹೆಚ್ಚಾಯಿತು. ನಾಲ್ಕೂವರೆ ಇಂಚು ಅಂದರೆ 114.3 ಮಿಲಿಮೀಟರು. 34 ಹಲ್ಲಿನ 8 ಡಿಪಿ ಗೇರಿಗೂ 36 ಹಲ್ಲಿನ 3 ಮಾಡ್ಯೂಲ್ ಗೇರಿಗೂ ಹೊರ ವ್ಯಾಸದಲ್ಲಿ ಫರಕು 0.3 ಮಿಲಿಮೀಟರು ಮಾತ್ರ. ಸವೆದ ಗೇರಿನಲ್ಲಿ ಅಷ್ಟನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲ್ಲಿನಿಂದ ಹಲ್ಲಿಗಿರುವ ದೂರ ಮಾತ್ರ ಒಂದರಲ್ಲಿ 9.97, ಇನ್ನೊಂದರಲ್ಲಿ 9.42. ಟಕ್ ಟಕ್ ಅನ್ನದೆ ಇನ್ನೇನು ಮಾಡೀತು.

ಇಷ್ಟಕ್ಕೇ ಮುಗಿಯಲಿಲ್ಲ. ಈಗಿನ ಗೇರುಗಳ ಒತ್ತುಕೋನ (ಹಲ್ಲು ಹಲ್ಲನ್ನು ಒತ್ತುವ ಓರೆ) 20 ಡಿಗ್ರಿ, ಹಳೆಯವು ಬಹಳಷ್ಟು 14½. ಡಿಪಿ ಸರಿಯಿದ್ದು ಕೋನ ತಪ್ಪಿದರೂ ಹಲ್ಲು ಹಲ್ಲನ್ನು ಕಡಿಯುತ್ತದೆ. ಕಾಕಾ ಬೆಂಚಿನ ಕೆಳಗಿನಿಂದ ಒಂದು ಕಟ್ಟಿಗೆ ಪೆಟ್ಟಿಗೆ ಎಳೆದರು. ಎಣ್ಣೆ ಕಾಗದದಲ್ಲಿ ಸುತ್ತಿದ ಕಟರುಗಳು. ಒಂದು ಡಿಪಿಗೆ ಎಂಟು ಕಟರಿನ ಸೆಟ್ಟು, ಹಲ್ಲಿನ ಸಂಖ್ಯೆ ಬದಲಾದಂತೆ ಕಟರೂ ಬೇರೆ. 35ರಿಂದ 54 ಹಲ್ಲಿಗೆ 3ನೇ ನಂಬರು, 26ರಿಂದ 34ಕ್ಕೆ 4ನೇ ನಂಬರು. (ಮಾಡ್ಯೂಲ್ ಸೆಟ್ಟಿನಲ್ಲಿ ಇದೇ ನಂಬರು ಉಲ್ಟಾ ಓಡುತ್ತದೆ, ಅಲ್ಲಿ ಮತ್ತೆ ಗಲಿಬಿಲಿ.) ನಮ್ಮ 34 ಅಂಚಿನಲ್ಲಿ ಕೂತಿದೆ. 36 ಅಂದುಕೊಂಡೇ ಹೋಗಿದ್ದರೆ ಕಟರೂ ತಪ್ಪುತ್ತಿತ್ತು. ಕಾಕಾ 4ನೇ ನಂಬರಿನದನ್ನು ಬಿಡಿಸಿ, ಪಿನಿಯನ್ ಜೊತೆ ಹಿಡಿದು ಬಾಗಿಲ ಬೆಳಕಿಗೆ ಎತ್ತಿದರು. ಪಿನಿಯನ್ನಿಗೆ ಸೇರಬೇಕಾದ ಕಟರು 7ನೆಯದು, ಅದನ್ನೂ ತೆಗೆದು ಸಂದಿನೊಳಗೆ ಇಳಿಸಿದರು. ಕಟರಿಗೂ ಹಲ್ಲಿಗೂ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮನೆಯ ಕಪ್ಪು ಗೆರೆ, ಬೆಳಕು ಎಲ್ಲೂ ತೂರಲಿಲ್ಲ. ‘ಹದಿನಾಕೂವರಿ’ ಅಂದು ಎರಡನ್ನೂ ಬೆಂಚಿನ ಮೇಲಿಟ್ಟರು. ಪ್ರೊಟ್ರಾಕ್ಟರ್ ಹಾಕಿ ನೋಡಬೇಕೆಂದು ನನಗಿತ್ತು, ಕೇಳುವ ಧೈರ್ಯ ಆಗಲಿಲ್ಲ.

4ನೆಯದರ ಮೂತಿ ಮೊಂಡಾಗಿತ್ತು. ಈ ಕಟರುಗಳನ್ನು ಮುಂಭಾಗದಿಂದ ಮಾತ್ರ ಮಸೆಯಬೇಕು. ಹಾಗೆ ಮಸೆದರೆ ಎಷ್ಟು ಸವೆದರೂ ಹಲ್ಲಿನ ಆಕಾರ ಕೆಡುವುದಿಲ್ಲ. ಅದನ್ನು ಅವರೇ ಮಾಡಿಕೊಂಡರು. ನನಗೆ ಹೇಳಿದ್ದು ಒಂದೇ: ಹಲ್ಲು ಕತ್ತರಿಸಲು ಬೀಡುಕಬ್ಬಿಣದ ಬಿಲ್ಲೆ ತಗೊಂಡು ಬಾ.

ಬೆಳಗಾವಿಯಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಉದ್ಯಮಬಾಗ್, ಮಚ್ಛೆ ಕಡೆ ಹೋದರೆ ಗಾಳಿಯಲ್ಲೇ ಸುಟ್ಟ ಮರಳಿನ ವಾಸನೆ. ಆದರೆ ಅವರ ಕೆಲಸ ಸಾವಿರಗಟ್ಟಲೆ ನಗ. ‘ಒಂದ ನಗಕ್ಕ ಯಾರ್ರಿ ಮೋಲ್ಡಿಂಗ್ ಹಚ್ಚತಾರ?’ ಅಂದ ಮೂವರ ನಂತರ ಒಬ್ಬರು ಸಣ್ಣ ಫೌಂಡ್ರಿಯವರು, ಪ್ಯಾಟರ್ನ್ ನೀವೇ ತಂದುಕೊಟ್ಟರೆ ನಮ್ಮ ಕೆಲಸದ ಜೊತೆ ಒಂದು ಪೆಟ್ಟಿಗೆ ಸೇರಿಸಿ ಹೊಯ್ಯುತ್ತೇವೆ ಎಂದು ಒಪ್ಪಿದರು.

ಪ್ಯಾಟರ್ನ್ ಅಂದರೆ ಮರಳಿನಲ್ಲಿ ಅಚ್ಚು ಒತ್ತುವ ಮಾದರಿ, ಕಟ್ಟಿಗೆಯ ಕೆಲಸ. ಎರಡು ತಿಂಗಳಲ್ಲಿ ಮೊದಲ ಸಲ ನನಗೆ ಗೊತ್ತಿದ್ದ ಕೆಲಸ ಕೈಗೆ ಬಂತು. ಹಳೇ ಸಾಗವಾನಿ ಚೌಕಟ್ಟಿನ ತುಂಡಿನಿಂದ ಮಾಡಿದೆ, ಚೆನ್ನಾಗಿ ಒಣಗಿದ್ದು. ಬೀಡುಕಬ್ಬಿಣ ಆರುವಾಗ ಅಡಿಗೆ ಒಂದು ಸೂತ ಕುಗ್ಗುತ್ತದೆ, ಇಲ್ಲೂ ಸೂತವೇ. ಲೇಥಿನಲ್ಲಿ ಕೆತ್ತಲು ಸುತ್ತಲೂ ಒಂದು ಸೂತ ಹೆಚ್ಚು. ಹಾಗಾಗಿ ನಾಲ್ಕೂವರೆಯ ಬಿಲ್ಲೆಗೆ ಪ್ಯಾಟರ್ನು ನಾಲ್ಕೂಮುಕ್ಕಾಲು ಇಂಚು, ಮೇಲೆ ಕುಗ್ಗುವ ಬಾಬ್ತು ಅರ್ಧ ಸೂತಕ್ಕೂ ಕಡಿಮೆ. ಬದಿಗಳು ನೆಟ್ಟಗಿರಬಾರದು, ತುಸು ಇಳಿಜಾರು ಕೊಡಬೇಕು, ಇಲ್ಲದಿದ್ದರೆ ಎತ್ತುವಾಗ ಮರಳು ಕಿತ್ತು ಬರುತ್ತದೆ. ಮೂಲೆಗಳಿಗೆ ಮೇಣ ತುಂಬಿ ಉರುಟು ಮಾಡಿದೆ, ಮೇಲೆ ಮೂರು ಕೈ ಚಂದ್ರಸ. ಇದೇ ಸಲಕ್ಕೆ ಇರಲಿ ಅಂತ, ಎರಡು ಸಲ ವೆಲ್ಡ್ ಮಾಡಿಸಿ ಎರಡು ಸಲ ಬಿಟ್ಟುಕೊಂಡಿದ್ದ ಮಷೀನಿನ ಒಂದು ಬ್ರಾಕೆಟ್ಟಿಗೂ ಒಂದು ಪ್ಯಾಟರ್ನ್ ಮಾಡಿದೆ.

ಅಷ್ಟರಲ್ಲಿ ಗಣಪತಿ ಬಂದ. ಬೆಳಗಾವಿಯ ಹನ್ನೊಂದು ದಿನದ ಗಣಪತಿ. ಫೌಂಡ್ರಿಯ ಅರ್ಧ ಹುಡುಗರು ಮಂಡಳದಲ್ಲಿ, ಉಳಿದರ್ಧ ಢೋಲ್ ಪಥಕದಲ್ಲಿ. ಅನಂತ ಚತುರ್ದಶಿ ಮುಗಿದು ಎಲ್ಲರ ಗಂಟಲು ಸರಿಹೋಗುವ ತನಕ ಯಾರೂ ಫೋನೇ ಎತ್ತಲಿಲ್ಲ. ಬ್ರಾಕೆಟ್ಟು ಮೊದಲ ಸಲಕ್ಕೇ ಚೆನ್ನಾಗಿ ಬಂತು. ಮೊದಲ ಬಿಲ್ಲೆಯಲ್ಲಿ ಮಾತ್ರ ಒಳಗೆ ಗಾಳಿತೂತು, ಲೇಥಿಗೆ ಹಾಕಿದ ಮೇಲೆ ಕಂಡಿತು. ಎರಡನೆಯದು ಗಟ್ಟಿ. ಮರಳಿನಲ್ಲೇ ರಾತ್ರಿಯಿಡೀ ಆರಲು ಬಿಡಿ ಎಂದು ಕೇಳಿಕೊಂಡಿದ್ದೆ. ಬೇಗ ಹೊರಗೆಳೆದರೆ ಅಂಚು ಬೇಗ ಆರಿ ಗಡುಸಾಗುತ್ತದೆ, ಕಟರು ಮುಟ್ಟಗೊಡುವುದಿಲ್ಲ.

ಹಲ್ಲು ಕತ್ತರಿಸುವ ದಿನ ಕಾಕಾನ ಪಕ್ಕದಲ್ಲಿ ನಿಂತಿದ್ದೆ. ಬಿಲ್ಲೆಯನ್ನು ಸಮಭಾಗ ಮಾಡಿ ತಿರುಗಿಸುವ ಡಿವೈಡಿಂಗ್ ಹೆಡ್ಡಿನ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು. 34 ಹಲ್ಲಿಗೆ 40 ಭಾಗಿಸು 34: ಒಂದು ಪೂರ್ತಿ ಸುತ್ತು, ಮೇಲೆ 17 ತೂತಿನ ವರ್ತುಲದಲ್ಲಿ ಮೂರು ತೂತು. ಆಳ 6.85 ಮಿಲಿಮೀಟರು. ಬೀಡಿಗೆ ನೀರು, ಎಣ್ಣೆ ಏನೂ ಹಾಕುವುದಿಲ್ಲ. ಕಪ್ಪು ಪುಡಿ ಸುರಿಯುತ್ತ ಕಟರು ನಿಧಾನ ದಾಟುತ್ತದೆ. ಹಿಂದಕ್ಕೆ ಬರುತ್ತದೆ. ಕಾಕಾ ಪಿನ್ನು ಎಳೆಯುತ್ತಾರೆ, ಒಂದು ಸುತ್ತು, ಒಂದು, ಎರಡು, ಮೂರು, ಪಿನ್ನು ‘ಕ್ಲಿಕ್’ ಅಂತ ಕೂರುತ್ತದೆ. ಒಮ್ಮೆ ಕೈ ಒಂದು ತೂತು ಮುಂದೆ ಹೋಯಿತು. ಅಲ್ಲಿಂದ ಸೀದಾ ಒಂದು ತೂತು ಹಿಂದೆ ಬರಲಿಲ್ಲ ಅವರು. ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದಿನಿಂದಲೇ ಬಂದರು, ಗೇರಿನೊಳಗಿನ ಸಡಿಲು ಒಂದೇ ಕಡೆ ಉಳಿಯಲಿ ಅಂತ. ಹನ್ನೆರಡನೆಯ ಹಲ್ಲಿಗೆ ನನ್ನ ಫೋನು ಬಡಿದುಕೊಂಡಿತು.

‘ಬಂದ್ ಮಾಡಪಾ. ನೀ ಒಮ್ಮಿ ಎಣಿಸಿದ್ದ ನೋಡೀನಿ.’

34ನೆಯ ಸಂದು ಮುಗಿದಾಗ ಕೊನೆಯ ಹಲ್ಲು ಉಳಿದವುಗಳಷ್ಟೇ ದಪ್ಪ ಬಂತು. ತಪ್ಪಿದ್ದರೆ ಅಲ್ಲೇ ತೆಳ್ಳಗೋ ದಪ್ಪಗೋ ಆಗಿ ಸಿಕ್ಕಿಬೀಳುತ್ತಿತ್ತು. ಕೂಲಿ ಎಷ್ಟೆಂದು ಕೇಳಿದರೆ ಹೇಳಲೊಲ್ಲರು. ಅವರ ಶೆಡ್ಡಿನ ಬಾಗಿಲು ಮಳೆಗೆ ಉಬ್ಬಿ ಹಾಕಲು ಬರುತ್ತಿರಲಿಲ್ಲ, ಅದನ್ನು ಕೆತ್ತಿ ಸರಿ ಮಾಡಿಕೊಟ್ಟು ಮೇಲೆ ಒತ್ತಾಯದಿಂದ ಹಣ ಇಟ್ಟು ಬಂದೆ.

ಜೋಡಿಸಲು ಮೂರು ದಿನ. ಖಂಡೇನವಮಿಗೆ ಎರಡು ದಿನ ಇದ್ದಾಗ ಮೋಟಾರು ಹಾಕಿದೆ. ಮೊದಲು ಫೀಡ್ ಇಲ್ಲದೆ ಬ್ಲಾಕು ಮಾತ್ರ, ಅರ್ಧ ಗಂಟೆ. ಎರಡೂ ಬೇರಿಂಗ್ ಮನೆಯ ಮೇಲೆ ಅಂಗೈ ಇಟ್ಟರೆ ಉಗುರುಬೆಚ್ಚಗೆ, ಅಷ್ಟೇ. ಆಮೇಲೆ ಗೇರು ಹಚ್ಚಿದೆ. ಟಕ್ ಇಲ್ಲ. ಹೊಸ ಬೀಡಿನ ಗುಂಯ್ ಅನ್ನುವ ಸಣ್ಣ ದನಿ ಇತ್ತು. ಸಾಗವಾನಿ ಫಳಿಯೊಂದನ್ನು ಅರ್ಧ ಸೂತಿಗೆ ಇಟ್ಟು ಕೊಟ್ಟೆ. ಆಚೆ ಬದಿ ಅಪ್ಪ ಹಿಡಿದುಕೊಂಡರು, ಉಗುರು ಎಳೆದು ನೋಡಿದರು, ಫಳಿಯನ್ನು ಬೆಳಕಿಗೆ ಓರೆ ಹಿಡಿದರು.

‘ಮುಂದಿನ ಮೂರಿಂಚ ತಗ್ಗ ಹೊಡದೈತಿ.’

ಹೊಡೆದಿದೆ. ಕೆಳಗಿನ ರೋಲರ್ ಟೇಬಲ್ಲಿಗಿಂತ ತುಸು ಹೆಚ್ಚು ಎದ್ದಿದೆ. ಅದನ್ನು ಇಳಿಸಬೇಕು, ಮೇಲಿನ ರೋಲರಿನ ಎರಡು ಸ್ಪ್ರಿಂಗಿನಲ್ಲಿ ಒಂದು ಸೋತಿದೆ, ಅದನ್ನೂ ಹುಡುಕಬೇಕು. ಪೂಜೆ ಮುಗಿಯಲಿ.

ಬೆಲ್ಟಿನ ಬಾಗಿಲ ಒಳಮೈಗೆ ಆಯಿಲ್ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ: ಎಡ ಬೇರಿಂಗ್ ಆರ್‌ಎಲ್‌ಎಸ್ 10, ಬಲ 6306, ಪಟ್ಟಾ ಎ-62 ಮೂರು, ಬ್ಲೇಡ್ ಬೋಲ್ಟ್ ⅜ ವಿಟ್‌ವರ್ತ್, ಎರಡು ಮಾತ್ರ 7/16, ಗೇರ್ 8 ಡಿಪಿ, 14½ ಡಿಗ್ರಿ, 16 ಮತ್ತು 34. ಕೊನೆಯ ಅಂಕೆ ಬರೆಯುವ ಮುಂಚೆ ಬ್ರಷ್ ಕೆಳಗಿಟ್ಟು ಇನ್ನೊಂದು ಸಲ ಎಣಿಸಿದೆ.